ಬಾಂಬಡಿಲ್ ಯಾರು? ಕೂಟಕ್ಕೆ ಮೊದಲು ಎಲ್ಲ ಥಿಯರಿಗಳನ್ನೂ ಇಲ್ಲಿ ಒರೆಗೆ ಹಚ್ಚುವ

ಪುಸ್ತಕಹುಳು_ಬದಿಯಡ್ಕ

ಮುಂದಿನ ಕೂಟದ ವಿಷಯ ನಿಗದಿಯಾಯಿತು: ಟೋಲ್ಕಿನ್ ಬರೆದ 'ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ ಟಾಮ್ ಬಾಂಬಡಿಲ್ ಯಾರು? ಕಾಡಿನಂಚಿನಲ್ಲಿ ಹೆಂಡತಿ ಗೋಲ್ಡ್‌ಬೆರಿಯ ಜೊತೆ ಇರುವ ಈ ವಿಚಿತ್ರ ಮನುಷ್ಯನಿಗೆ, ಶತ್ರು ಸೌರಾನ್ ಮಾಡಿದ ಮಾಯದ ಉಂಗುರವೂ ಏನೂ ಮಾಡಲಾರದು. ತಾಳಮದ್ದಳೆಯ ಕ್ರಮದಲ್ಲಿ ಒಬ್ಬೊಬ್ಬರು ಒಂದೊಂದು ಪಕ್ಷ ಹಿಡಿದು ವಾದಿಸುವುದು. ಒಬ್ಬರಿಗೆ 12 ನಿಮಿಷ, ಆಮೇಲೆ ಎದುರಿನವರ ಪ್ರಶ್ನೆಗೆ 5 ನಿಮಿಷ.

ಸಿನಿಮಾ ಮಾತ್ರ ನೋಡಿದವರಿಗೆ ಈ ಪಾತ್ರದ ಪರಿಚಯವೇ ಇರುವುದಿಲ್ಲ, 2001ರ ಚಿತ್ರದಲ್ಲಿ ಆತನನ್ನು ಪೂರ್ತಿ ಬಿಟ್ಟಿದ್ದಾರೆ. ಇಡೀ ಕಾದಂಬರಿ ಓದಲು ಪುರುಸೊತ್ತಿಲ್ಲದವರು ಇಷ್ಟಾದರೂ ಓದಿ ಬನ್ನಿ: ಒಂದನೇ ಪುಸ್ತಕದ 6, 7, 8ನೇ ಅಧ್ಯಾಯಗಳು, ಎರಡನೇ ಪುಸ್ತಕದ 2ನೇ ಅಧ್ಯಾಯ (ಎಲ್ರಾಂಡನ ಸಭೆ, ಉಂಗುರವನ್ನು ಏನು ಮಾಡುವುದೆಂದು ತೀರ್ಮಾನಿಸುವುದು ಇಲ್ಲಿ), ಆರನೇ ಪುಸ್ತಕದ 7ನೇ ಅಧ್ಯಾಯದ ಕೊನೆಯ ಭಾಗ. ಒಂದು ಎಚ್ಚರಿಕೆ. ಸಂಪುಟ ಮೂರು, ಆದರೆ ಒಳಗೆ 'ಪುಸ್ತಕ' ಆರು. ಅದನ್ನೂ ಇದನ್ನೂ ಒಂದೇ ಎಂದು ಹಿಡಿದರೆ ಎರಡನೇ ಸಂಪುಟದಲ್ಲಿ ಎಲ್ರಾಂಡನ ಸಭೆ ಹುಡುಕುತ್ತಾ ಕೂರಬೇಕಾಗುತ್ತದೆ. ಪುಟಸಂಖ್ಯೆ ಹೇಳಬೇಡಿ, ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ. ಪುಸ್ತಕ ಮತ್ತು ಅಧ್ಯಾಯ ಹೇಳಿದರೆ ಸಾಕು.

ಇನ್ನು ಸಾಕ್ಷಿಯ ತೂಕ. ಇದನ್ನು ಮೊದಲೇ ಒಪ್ಪಿಕೊಳ್ಳದಿದ್ದರೆ ಕೂಟ ಗದ್ದಲವಾಗುತ್ತದೆ. ಮೊದಲ ಸ್ಥಾನ 1954–55ರಲ್ಲಿ ಅಚ್ಚಾದ ಕಾದಂಬರಿಗೆ. ಎರಡನೆಯದು ಟೋಲ್ಕಿನ್ ಬರೆದ ಪತ್ರಗಳು. ಮೂರನೆಯದು ಬಾಂಬಡಿಲ್ ಮೇಲಿನ ಪದ್ಯಗಳು, 1934ರದ್ದು ಮತ್ತು 1962ರ ಸಂಕಲನದ್ದು. ಕೊನೆಯದು ಅವರು ತೀರಿಕೊಂಡ ಮೇಲೆ ಮಗ ಸಂಪಾದಿಸಿ ಪ್ರಕಟಿಸಿದ 'ಸಿಲ್ಮರಿಲಿಯನ್' (1977) ಮತ್ತು 'ಅನ್‌ಫಿನಿಶ್ಡ್ ಟೇಲ್ಸ್' (1980). 'ದ ರಿಂಗ್ಸ್ ಆಫ್ ಪವರ್' ಟಿವಿ ಸರಣಿಯ 2024ರಲ್ಲಿ ಬಂದ ಎರಡನೇ ಸೀಸನ್ನಿನಲ್ಲಿ ಆತ ಪೂರ್ವದ ರೂನ್ ಪ್ರದೇಶದ ಮರುಭೂಮಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಅದು ಲೆಕ್ಕಕ್ಕಿಲ್ಲ.

ಮಧೂರು ಮಾಷ್ಟ್ರು

ಒಳ್ಳೆಯ ಕ್ರಮ. ತಾಳಮದ್ದಳೆ ಎಂದ ಮೇಲೆ ಅದರ ಶಿಸ್ತೂ ಬೇಕು. ಅರ್ಥಧಾರಿಗೆ ಎಷ್ಟು ಸ್ವಾತಂತ್ರ್ಯವಿದ್ದರೂ ಪದ್ಯಕ್ಕೆ ವಿರುದ್ಧವಾಗಿ ಅರ್ಥ ಹೇಳಿದರೆ ಭಾಗವತರು ಮುಂದಿನ ಪದ ಎತ್ತಿದ ಕೂಡಲೇ ಸಿಕ್ಕಿಬೀಳುತ್ತಾನೆ. ಬಾಂಬಡಿಲ್ ಥಿಯರಿಗಳಲ್ಲಿ ಮುಕ್ಕಾಲು ಪಾಲು ಬೀಳುವುದೂ ಹಾಗೆಯೇ. ಏಳನೇ ಅಧ್ಯಾಯದ ಒಂದು ಸಾಲು ಹಿಡಿದು ಕಟ್ಟಿದ್ದು ಎಲ್ರಾಂಡನ ಸಭೆಗೆ ಬರುವಾಗ ಮುರಿಯುತ್ತದೆ.

ಉಪ್ಪಳ_ಎಕ್ಸ್‌ಪ್ರೆಸ್

ಹಾಗಾದರೆ ನನ್ನ ಪಕ್ಷ ಬರೆದುಕೊಳ್ಳಿ: ಬಾಂಬಡಿಲನೇ ವಿಚ್-ಕಿಂಗ್, ಸೌರಾನನ ಸೇನಾನಿ! ಇಬ್ಬರೂ ಒಟ್ಟಿಗೆ ಒಂದೇ ಕಡೆ ಕಾಣಿಸಿಕೊಳ್ಳುವುದಿಲ್ಲ. ಉಂಗುರ ಹಾಕಿಕೊಂಡು ಮಾಯವಾದ ಫ್ರೋಡೊ (ಉಂಗುರ ಹೊತ್ತ ಕಥಾನಾಯಕ) ಇಬ್ಬರಿಗೂ ಕಾಣುತ್ತಾನೆ. ಗೋರಿಗುಡ್ಡದ ಪಿಶಾಚಿ ಇಬ್ಬರ ಮಾತನ್ನೂ ಕೇಳುತ್ತದೆ. ಇನ್ನೆಂತ ಬೇಕು?

ಕುಂಬಳೆ_ಕೋಟೆ

ತಮಾಷೆಗೆ ಚೆನ್ನಾಗಿದೆ ಮಾರಾಯ್ರೆ, ಆದರೆ ತಾರೀಕು ನೋಡಿ. ಮೂರನೇ ಸಂಪುಟದ ಅನುಬಂಧದಲ್ಲಿ ಕಾಲಪಟ್ಟಿ ಉಂಟು. ಫ್ರೋಡೊ ಮತ್ತು ಜೊತೆಯ ಹಾಬಿಟ್‌ಗಳು (ಕಥೆಯ ಕುಳ್ಳ ಜನ) ಬಾಂಬಡಿಲನ ಮನೆ ಸೇರುವುದು ಕಥೆಯ ಮೂರನೇ ಯುಗದ 3018ರ ಸೆಪ್ಟೆಂಬರ್ 26ಕ್ಕೆ. 27ರಂದು ಇಡೀ ದಿನ ಮಳೆ, ಆ ದಿನವೇ ಉಂಗುರ ಬಾಂಬಡಿಲನ ಕೈಗೆ ಬರುತ್ತದೆ. ಆತ ವಿಚ್-ಕಿಂಗ್ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯಬೇಕಿತ್ತು, ಉಂಗುರ ಸಿಕ್ಕಿತಲ್ಲ! ಆದರೆ ಆತ ನಗುತ್ತಾ ವಾಪಸು ಕೊಡುತ್ತಾನೆ. ಅಕ್ಟೋಬರ್ 6ಕ್ಕೆ ವೆದರ್‌ಟಾಪ್ ಬೆಟ್ಟದಲ್ಲಿ ಅದೇ ಉಂಗುರಕ್ಕಾಗಿ ವಿಚ್-ಕಿಂಗ್ ಫ್ರೋಡೊನನ್ನು ಇರಿಯುತ್ತಾನೆ.

ಇದಕ್ಕಿಂತಲೂ ಗಟ್ಟಿಯಾದದ್ದು ಕತ್ತಿಯ ವಿಚಾರ. ಗೋರಿಯಿಂದ ಹಳೆಯ ಕಿರುಗತ್ತಿಗಳನ್ನು ಹೊರತೆಗೆದು ಹಾಬಿಟ್‌ಗಳಿಗೆ ಹಂಚುವವನು ಬಾಂಬಡಿಲನೇ. ವಿಚ್-ಕಿಂಗ್ ಆಳುತ್ತಿದ್ದ ಕಾಲದಲ್ಲಿ ಅವನ ಶತ್ರುಗಳು ಹೊಯ್ದ ಕತ್ತಿಗಳು ಅವು. 3019ರ ಮಾರ್ಚ್ 15ರಂದು ಫ್ರೋಡೊನ ಜೊತೆಗಾರ ಮೆರಿ ಅದರಲ್ಲೊಂದನ್ನು ವಿಚ್-ಕಿಂಗ್‌ನ ಮಂಡಿಯ ಹಿಂದೆ ನೆಟ್ಟದ್ದರಿಂದಲೇ ಅವನ ಮಾಯೆ ಒಡೆದದ್ದು, ಆಮೇಲೆ ಎಯೊವಿನ್ ಎಂಬ ಯೋಧೆ ಅವನನ್ನು ಮುಗಿಸಿದ್ದು. ತನ್ನ ಸಾವನ್ನು ತಾನೇ ಆರಿಸಿ ಕೈಯಲ್ಲಿ ಕೊಟ್ಟನೆಂದು ಹೇಳುವುದಾದರೆ ಹೇಳಿ.

ಉಪ್ಪಳ_ಎಕ್ಸ್‌ಪ್ರೆಸ್

ಕತ್ತಿಯ ಮಾತಿಗೆ ಉತ್ತರವಿಲ್ಲ. ಪಕ್ಷ ವಾಪಸು.

ಚಂದ್ರಗಿರಿ_ತೀರ

ದೇವರ ಪಕ್ಷವನ್ನೂ ಇಲ್ಲೇ ಮುಗಿಸುವುದು ಒಳ್ಳೆಯದು, ಅದನ್ನು ಹಿಡಿದು ಯಾರಾದರೂ ಬರುತ್ತಾರೆ. ಆಧಾರ ಇಷ್ಟೆ: ಆತ ಯಾರೆಂದು ಫ್ರೋಡೊ ಕೇಳಿದಾಗ ಗೋಲ್ಡ್‌ಬೆರಿ ಆತ 'ಇದ್ದಾನೆ' ಎಂದಷ್ಟೇ ಹೇಳುತ್ತಾಳೆ. ಬೈಬಲ್ಲಿನಲ್ಲಿ ದೇವರು ಮೋಶೆಗೆ ಹೇಳುವ ಮಾತು ಹಲವರಿಗೆ ಅಲ್ಲಿ ನೆನಪಾಗುತ್ತದೆ.

ಇದು ಹೊಸ ಅನುಮಾನವಲ್ಲ. 1954ರಲ್ಲೇ ಪೀಟರ್ ಹೇಸ್ಟಿಂಗ್ಸ್ ಎಂಬ ಓದುಗರು ಟೋಲ್ಕಿನ್‌ಗೆ ಬರೆದು ಕೇಳಿದ್ದರು. ಉತ್ತರದ ಕರಡಿನಲ್ಲಿ ಟೋಲ್ಕಿನ್ ಅದನ್ನು ತಳ್ಳಿಹಾಕಿದ್ದಾರೆ, ಟಾಮ್ ಬಗ್ಗೆ ತತ್ತ್ವಶಾಸ್ತ್ರ ಮಾಡುವ ಅಗತ್ಯವಿಲ್ಲ ಎಂದೂ ಹೇಳಿದ್ದಾರೆ. ತನ್ನ ಕಥೆಯಲ್ಲಿ ಸೃಷ್ಟಿಕರ್ತನ ಅವತಾರ ಎಲ್ಲಿಯೂ ಇಲ್ಲ ಎಂದು ಮುಂದೆ ಇನ್ನೊಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದರು.

ಪತ್ರ ಬೇಡ, ಕಾದಂಬರಿಯೊಳಗಿನದ್ದೇ ಬೇಕೆಂದರೆ ಗೋಲ್ಡ್‌ಬೆರಿಯ ಮುಂದಿನ ಮಾತು ಓದಿ. ಈ ನೆಲವೆಲ್ಲ ಆತನದ್ದೇ ಎಂದು ಕೇಳಿದರೆ ಅಲ್ಲ ಎನ್ನುತ್ತಾಳೆ, ಹಾಗಾದರೆ ಅದೊಂದು ಹೊರೆಯಾಗುತ್ತಿತ್ತು ಎನ್ನುತ್ತಾಳೆ. ಸಭೆಯಲ್ಲಿ ಎಲ್ಫ್ ಜನಾಂಗದ ಗ್ಲೋರ್‌ಫಿಂಡೆಲ್ ಹೇಳುವುದು ಇನ್ನೂ ನೇರ: ಉಳಿದದ್ದೆಲ್ಲ ಸೋತರೆ ಕೊನೆಗೆ ಬಾಂಬಡಿಲನೂ ಬೀಳುತ್ತಾನೆ. ಬೀಳಬಲ್ಲವನು ಸೃಷ್ಟಿಕರ್ತನಾಗುವುದು ಹೇಗೆ?

ಪೆರ್ಲದವ

ನನಗೆ ಔಲೆಯ ಪಕ್ಷ ಕೊಡಿ. ಇದು ನಿನ್ನೆ ಮೊನ್ನೆ ಹುಟ್ಟಿದ ಥಿಯರಿ ಅಲ್ಲ, 1986ರಲ್ಲಿ ಜೀನ್ ಹಾರ್ಗ್ರೋವ್ ಪ್ರಬಂಧವನ್ನೇ ಬರೆದಿದ್ದಾರೆ. ವಾದದ ಕಟ್ಟು ಹೀಗೆ.

'ಸಿಲ್ಮರಿಲಿಯನ್' ಪ್ರಕಾರ ಜಗತ್ತಿನ ಪಾಲಕರಾದ ವಾಲಾರ್‌ಗಳಲ್ಲಿ ಔಲೆ ಕಮ್ಮಾರ. ಲೋಕ ಯಾವ ದ್ರವ್ಯದಿಂದ ಆಗಿದೆಯೋ ಅದಕ್ಕೆಲ್ಲ ಆತ ಒಡೆಯ. ಹೆಂಡತಿ ಯಾವನ್ನಾ, ಬೆಳೆಯುವ ಎಲ್ಲದರ ತಾಯಿ. ಸೌರಾನ್ ಮೊದಲು ಇದೇ ಔಲೆಯ ಪರಿವಾರದ ಮೈಯಾ, ಅಂದರೆ ವಾಲಾರ್‌ಗಳಿಗಿಂತ ಕೆಳಗಿನ ದೇವತೆ. ಉಂಗುರ ಮಾಡುವ ವಿದ್ಯೆಯ ಬೇರು ಅಲ್ಲಿಯದ್ದು. ಶಿಷ್ಯ ಮಾಡಿದ ಉಂಗುರಕ್ಕೆ ಗುರುವಿನ ಮೇಲೆ ಹಿಡಿತ ಬಾರದೇ ಇರುವುದು ಸಹಜ ತಾನೇ? ಇನ್ನು ಸ್ವಭಾವ. ವಾಲಾರ್‌ಗಳಲ್ಲಿ ಔಲೆ ತಾನು ಮಾಡಿದ್ದನ್ನು ತನ್ನದೆಂದು ಕಟ್ಟಿಟ್ಟುಕೊಳ್ಳದೆ ಕೊಟ್ಟುಬಿಡುವವನು. ಮಾಡುವುದರಲ್ಲಷ್ಟೇ ಅವನಿಗೆ ಸಂತೋಷ. ಉಂಗುರವನ್ನು ಆಟಿಕೆಯಂತೆ ಗಾಳಿಯಲ್ಲಿ ತಿರುಗಿಸಿ ವಾಪಸು ಕೊಟ್ಟವನ ಗುಣ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಬರಿಯ ಮೈಯಾ ಎನ್ನುವ ಪಕ್ಷಕ್ಕಿಂತ ಇದು ಎಷ್ಟೋ ಗಟ್ಟಿ. ಮಾಂತ್ರಿಕ ಗ್ಯಾಂಡಾಲ್ಫ್ ಮೈಯಾ, ಆದರೂ ಒಂದನೇ ಪುಸ್ತಕದ 2ನೇ ಅಧ್ಯಾಯದಲ್ಲಿ ಉಂಗುರ ತನ್ನ ಬಳಿ ಇಟ್ಟುಕೊಳ್ಳಲು ಹೆದರುತ್ತಾನೆ. ಇನ್ನೊಬ್ಬ ಮಾಂತ್ರಿಕ ಸರುಮಾನನೂ ಮೈಯಾ, ಉಂಗುರವನ್ನು ಕಣ್ಣಿಂದ ಕಾಣದೆಯೇ ಅದರ ಆಸೆಗೆ ಹಾಳಾದ. ಆದುದರಿಂದ ಬಾಂಬಡಿಲ್ ಅದಕ್ಕಿಂತ ಮೇಲಿನವನೇ ಆಗಬೇಕು.

ಚಂದ್ರಗಿರಿ_ತೀರ

ಭಾವ, ಕೊನೆಯ ಹೆಜ್ಜೆಯಲ್ಲೇ ಜಾರಿತು. ಉಂಗುರಕ್ಕೆ ಬಗ್ಗದವನು ಶಕ್ತಿಯಲ್ಲಿ ಮೇಲಿನವನಾಗಿರಬೇಕು ಎಂಬ ಲೆಕ್ಕ ಕಾದಂಬರಿಯದ್ದಲ್ಲ. ಅಲ್ಲಿ ನಡೆಯುವುದು ಅದಕ್ಕೆ ತಿರುಗಾ. ಶಕ್ತಿ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು, ಗ್ಯಾಂಡಾಲ್ಫ್ ಮತ್ತು ಎಲ್ಫ್ ಒಡತಿ ಗಲಾಡ್ರಿಯೆಲ್ ಇಬ್ಬರೂ ಹೇಳುವುದು ಅದನ್ನೇ. ಉಂಗುರ ಹಿಡಿಯುವುದು ಆಸೆಯ ಮೂಲಕ.

ಔಲೆಗೆ ಮೂರು ಅಡ್ಡಿ ಉಂಟು. ಒಂದು, ಡ್ವಾರ್ಫ್‌ಗಳು (ಕುಬ್ಜ ಜನಾಂಗ). ಅವರನ್ನು ಮಾಡಿದವನೇ ಔಲೆ, ಅವರು ತಮ್ಮ ಕರ್ತನನ್ನು ಮಹಲ್ ಎಂದು ಕರೆಯುತ್ತಾರೆ ('ಸಿಲ್ಮರಿಲಿಯನ್'). ಬಾಂಬಡಿಲನಿಗೆ ಅವರಿಟ್ಟ ಹೆಸರು ಫಾರ್ನ್ (ಎಲ್ರಾಂಡನ ಸಭೆ). ಮಾಡಿದವನನ್ನೇ ಗುರುತಿಸದೆ ಬೇರೆ ಹೆಸರಿಟ್ಟರೇ? ಎರಡು, ಗೋಲ್ಡ್‌ಬೆರಿ. ಆಕೆ ಹೊಳೆಯ ಹೆಣ್ಣಿನ ಮಗಳೆಂದು ಕಾದಂಬರಿ ಹೇಳುತ್ತದೆ, ಯಾವನ್ನಾ ಯಾರ ಮಗಳೂ ಅಲ್ಲ. ನೀರಿನ ಅಧಿಪತಿ ಬೇರೆಯೇ ಇದ್ದಾನೆ, ಉಲ್ಮೊ.

ಮೂರನೆಯದು ನನಗೆ ಮುಖ್ಯ. ಉಂಗುರವನ್ನು ಬಾಂಬಡಿಲನಿಗೇ ಕೊಡೋಣ ಎಂದು ಸಭೆಯಲ್ಲಿ ಎರೆಸ್ಟರ್ ಹೇಳಿದಾಗ ಗ್ಯಾಂಡಾಲ್ಫ್ ಬೇಡ ಎನ್ನುವುದು ಯಾಕೆ? ಆತ ಅದನ್ನು ಮರೆತುಬಿಡುತ್ತಾನೆ, ಇಲ್ಲವೇ ಎಲ್ಲಾದರೂ ಬಿಸಾಡುತ್ತಾನೆ, ಅಂಥವು ಆತನ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎಂದು. ಕುಶಲಕರ್ಮಿಗಳ ದೇವತೆ ಆ ಯುಗದ ಅತ್ಯಂತ ದೊಡ್ಡ ಕುಶಲ ವಸ್ತುವನ್ನು ಮರೆತು ಬಿಸಾಡುವುದೇ?

ಪೆರ್ಲದವ

ಮೂರನೆಯದಕ್ಕೆ ಉತ್ತರ ಹುಡುಕುತ್ತೇನೆ ಅಕ್ಕ. ಎರಡನೆಯದು ಅಷ್ಟು ಭಾರದ್ದಲ್ಲ, ಔಲೆ ಎಂದು ಒಪ್ಪಿಕೊಂಡೂ ಯಾವನ್ನಾಳನ್ನು ಬಿಟ್ಟುಬಿಡಬಹುದು.

ಮಧೂರು ಮಾಷ್ಟ್ರು

ಬಿಟ್ಟರೆ ನಿಮ್ಮ ಪಕ್ಷದ ಅರ್ಧ ಹೋಯಿತು. ಔಲೆ ಹೆಂಡತಿಯನ್ನು ಬಿಟ್ಟು ಹೊಳೆಯ ಹುಡುಗಿಯನ್ನು ಮದುವೆಯಾದ ಎಂದು ಕೂಟದಲ್ಲಿ ಹೇಳಿ ನೋಡಿ, ಸಭೆ ಬಿಡುತ್ತದೋ!

ದೇಲಂಪಾಡಿ_ಓದು

'ಅತಿ ಹಳಬ' ಎಂಬ ತೊಡಕನ್ನು ಯಾರೂ ಎತ್ತಲಿಲ್ಲ. ಕೂಟದಲ್ಲಿ ಖಂಡಿತ ಬರುತ್ತದೆ.

ಮೊದಲ ಮಳೆಹನಿ, ಮೊದಲ ಓಕ್ ಬೀಜ ನೆನಪಿದೆ, ಹೊಳೆ ಮತ್ತು ಮರಗಳಿಗೆ ಮೊದಲೇ ತಾನಿದ್ದೆ ಎನ್ನುತ್ತಾನೆ ಬಾಂಬಡಿಲ್. ಆತ ಹಿಂದೆಯೇ ಹಳಬರಿಗಿಂತ ಹಳಬನಾಗಿದ್ದ ಎನ್ನುತ್ತಾನೆ ಎಲ್ರಾಂಡ್. ಎರಡನೇ ಸಂಪುಟಕ್ಕೆ ಬಂದರೆ, ಸೂರ್ಯನ ಕೆಳಗೆ ಮಧ್ಯಭೂಮಿಯಲ್ಲಿ ನಡೆದಾಡುವ ಜೀವಿಗಳಲ್ಲಿ ನಡೆದಾಡುವ ಮರದಂಥ ಟ್ರೀಬಿಯರ್ಡೇ ಅತಿ ಹಳಬ ಎನ್ನುತ್ತಾನೆ ಗ್ಯಾಂಡಾಲ್ಫ್. ಎರಡೂ ನಿಜವಾಗುವುದು ಹೇಗೆ?

ಜನ ಮೂರು ದಾರಿ ಹಿಡಿಯುತ್ತಾರೆ. 'ಜೀವಿ' ಎಂದರೆ ಹುಟ್ಟಿ ಬೆಳೆದದ್ದು, ಬಾಂಬಡಿಲ್ ಹುಟ್ಟಿದವನೇ ಅಲ್ಲ, ಹಾಗಾಗಿ ಆ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಒಂದು. ಎಲ್ಫ್‌ಗಳು ಇಟ್ಟ ಹೆಸರೂ ಆತನಿಗೆ ತಂದೆಯಿಲ್ಲ ಎನ್ನುತ್ತದೆ, ಆ ದೃಷ್ಟಿಯಿಂದ ಇದು ಸರಿಹೋಗುತ್ತದೆ. ಪಾತ್ರಗಳು ಹೇಳಿದ್ದೆಲ್ಲ ಲೇಖಕನ ತೀರ್ಪಲ್ಲ, ಗ್ಯಾಂಡಾಲ್ಫ್ ಮಾತಿನ ಭರದಲ್ಲಿ ಹೇಳಿರಬಹುದು ಎಂಬುದು ಎರಡನೆಯದು. ಇದು ಸೋಮಾರಿ ಉತ್ತರ, ಹೀಗೆ ಹೇಳುತ್ತಾ ಹೋದರೆ ಯಾವ ಸಾಲೂ ಸಾಕ್ಷಿಯಾಗಿ ಉಳಿಯುವುದಿಲ್ಲ. ಟೋಲ್ಕಿನ್‌ರ ಗಮನ ತಪ್ಪಿತು ಎಂಬುದು ಮೂರನೆಯದು. ನನ್ನ ಮತ ಮೊದಲನೆಯದಕ್ಕೆ.

ಕತ್ತಲ ದೊರೆ ಹೊರಗಿನಿಂದ ಬರುವ ಮೊದಲು ನಕ್ಷತ್ರಗಳ ಕೆಳಗಿನ ಕತ್ತಲಿಗೆ ಭಯವಿರಲಿಲ್ಲ, ಅದೂ ತನಗೆ ಗೊತ್ತು ಎನ್ನುತ್ತಾನಲ್ಲ, ಅದು ಮೆಲ್ಕೊರನೋ (ಕೆಟ್ಟುಹೋದ ವಾಲಾ, ಸೌರಾನನ ಹಿಂದಿನ ಒಡೆಯ) ಸೌರಾನನೋ? 'ಸಿಲ್ಮರಿಲಿಯನ್' ಓದಿದವರು ಮೆಲ್ಕೊರ್ ಎನ್ನುತ್ತಾರೆ. ಮೆಲ್ಕೊರ್ ಹೊರಗೆ ಓಡಿಹೋಗಿ ರಾತ್ರಿಯ ಗೋಡೆ ದಾಟಿ ಗುಟ್ಟಾಗಿ ಮರಳಿ ಬಂದ ಪ್ರಸಂಗ ಅಲ್ಲಿ ಉಂಟು. ಆ ಎರಡನೇ ಬರವನ್ನು ಹಿಡಿದರೆ ಬಾಂಬಡಿಲ್ ವಾಲಾರ್‌ಗಳಿಗಿಂತ ಮೊದಲಿನವನಾಗಬೇಕಿಲ್ಲ. ಮೊದಲ ಬರವನ್ನು ಹಿಡಿದರೆ ಆಗಲೇಬೇಕು. ಔಲೆ ಪಕ್ಷದವರು ಇದನ್ನು ನೋಡಿಕೊಳ್ಳಿ, ನಿಮಗೆ ಎರಡನೆಯದೇ ಅನುಕೂಲ.

ಉಪ್ಪಳ_ಎಕ್ಸ್‌ಪ್ರೆಸ್

ಇನ್ನೊಂದು ಥಿಯರಿ. ಬಾಂಬಡಿಲ್ ನಿಜವಾಗಿ ಕೆಟ್ಟವನು. ಕಾಡು ಕೆಟ್ಟದ್ದು, ಪಕ್ಕದಲ್ಲಿ ಪಿಶಾಚಿಗಳು, ನಡುವೆ ಈತ ಮಾತ್ರ ಕುಣಿಯುತ್ತಾ ಆರಾಮ. ಸುತ್ತಮುತ್ತಲಿನ ಯಾರಿಗೂ ಆತನ ಪರಿಚಯವಿಲ್ಲ. ಅನುಮಾನ ಬರುವುದಿಲ್ಲವೇ?

ಕುಂಬಳೆ_ಕೋಟೆ

ಪರಿಚಯ ಉಂಟು. ರೈತ ಮ್ಯಾಗಟ್ ಆತನಿಗೆ ಚೆನ್ನಾಗಿ ಗೊತ್ತು, ಹಾಬಿಟ್‌ಗಳ ನಾಡು ಶೈರಿನ ಸುದ್ದಿ ಬರುವುದೇ ಅವನಿಂದ. ಏಳನೇ ಅಧ್ಯಾಯದಲ್ಲಿ ಬಾಂಬಡಿಲ್ ಮ್ಯಾಗಟ್‌ನ ಬಗ್ಗೆ ಎಷ್ಟು ಗೌರವದಿಂದ ಮಾತಾಡುತ್ತಾನೆ ಎಂದರೆ ಫ್ರೋಡೊಗೇ ಆಶ್ಚರ್ಯ. ಇನ್ನು, ಯುದ್ಧ ಮುಗಿದ ಮೇಲೆ ಗ್ಯಾಂಡಾಲ್ಫ್ ಹಾಬಿಟ್‌ಗಳನ್ನು ಬಿಟ್ಟು ನೇರ ಹೋಗುವುದು ಬಾಂಬಡಿಲನ ಹತ್ತಿರ, ದೀರ್ಘ ಮಾತುಕತೆಗೆ (ಆರನೇ ಪುಸ್ತಕ, 7). ಕೆಟ್ಟವನ ಮನೆಗೆ ಸುಖದುಃಖ ಮಾತಾಡಲು ಹೋದನೇ?

ಮಧೂರು ಮಾಷ್ಟ್ರು

ಎಲ್ಲ ಪಕ್ಷಗಳೂ ನಿಂತಿರುವುದು ಉಂಗುರದ ಪ್ರಸಂಗದ ಮೇಲೆ, ಆದ್ದರಿಂದ ಅದನ್ನು ಹಂತಹಂತವಾಗಿ ಬಿಡಿಸಿ ಇಟ್ಟುಕೊಳ್ಳಬೇಕು. ಹಾರಿಸಿ ಓದಿದವರೇ ಅಲ್ಲಿ ಎಡವುವುದು.

ಬಾಂಬಡಿಲ್ ಉಂಗುರ ತೋರಿಸಲು ಹೇಳುತ್ತಾನೆ. ಫ್ರೋಡೊ ತನಗೇ ಆಶ್ಚರ್ಯವಾಗುವಂತೆ ತಕ್ಷಣ ಕೊಡುತ್ತಾನೆ. ಗಮನಿಸಿ, ಈ ಉಂಗುರವನ್ನು ಯಾರೂ ಸುಲಭದಲ್ಲಿ ಕೈಬಿಡುವುದಿಲ್ಲ, ಅದನ್ನು ಮೊದಲು ಇಟ್ಟುಕೊಂಡಿದ್ದ ಬಿಲ್ಬೊ ಬಿಟ್ಟುಕೊಡಲು ಪಟ್ಟ ಪಾಡು ಮೊದಲನೇ ಅಧ್ಯಾಯದಲ್ಲೇ ಇದೆ. ಆತನ ಅಂಗೈಯಲ್ಲಿ ಉಂಗುರ ದೊಡ್ಡದಾದಂತೆ ಕಾಣುತ್ತದೆ. ಕಣ್ಣಿಗೆ ಹಿಡಿದು ನಗುತ್ತಾನೆ. ಕಿರುಬೆರಳ ತುದಿಗೆ ಹಾಕಿ ದೀಪಕ್ಕೆ ಹಿಡಿಯುತ್ತಾನೆ, ಮಾಯವಾಗುವುದಿಲ್ಲ. ಉಂಗುರವನ್ನು ಮೇಲಕ್ಕೆ ತಿರುಗಿಸಿ ಎಸೆಯುತ್ತಾನೆ, ಮಾಯವಾಗುವುದು ಉಂಗುರ! ಆಮೇಲೆ ನಗುತ್ತಾ ಹಿಂದಿರುಗಿಸುತ್ತಾನೆ. ಫ್ರೋಡೊಗೆ ಅನುಮಾನ, ಅದೇ ಉಂಗುರವೋ ಎಂದು ಪರೀಕ್ಷಿಸಲು ತಾನು ಹಾಕಿಕೊಳ್ಳುತ್ತಾನೆ. ಮೆರಿಗೆ ಫ್ರೋಡೊ ಕಾಣುವುದಿಲ್ಲ, ಬಾಂಬಡಿಲನಿಗೆ ಕಾಣುತ್ತದೆ. ತೆಗೆ, ಅದಿಲ್ಲದೆಯೇ ನಿನ್ನ ಕೈ ಚೆಂದ ಎನ್ನುತ್ತಾನೆ.

ಕೊನೆಯ ಹಂತ ಬಹಳ ಮುಖ್ಯ. ಮೆರಿಗೆ ಫ್ರೋಡೊ ಕಾಣಲಿಲ್ಲವೆಂದರೆ ಉಂಗುರದ ಶಕ್ತಿ ಆ ಮನೆಯೊಳಗೂ ಕೆಲಸ ಮಾಡುತ್ತಿತ್ತು. ಬಾಂಬಡಿಲ್ ಅದನ್ನು ತಡೆಯಲಿಲ್ಲ, ಅದಕ್ಕೆ ಒಳಗಾಗಲೂ ಇಲ್ಲ. ಸಭೆಯಲ್ಲಿ ಗ್ಯಾಂಡಾಲ್ಫ್ ಹೇಳುವುದು ಇದಕ್ಕೆ ಸರಿಯಾಗಿದೆ: ಉಂಗುರಕ್ಕೆ ಆತನ ಮೇಲೆ ಅಧಿಕಾರವಿಲ್ಲ, ಆದರೆ ಆತ ಉಂಗುರವನ್ನು ಬದಲಿಸಲಾರ, ಇತರರ ಮೇಲಿನ ಅದರ ಹಿಡಿತವನ್ನೂ ಮುರಿಯಲಾರ. ಬಾಂಬಡಿಲನಿಗೆ ಉಂಗುರದ ಮೇಲೆ ಅಧಿಕಾರ ಎಂದು ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ. ಕಾದಂಬರಿಯಲ್ಲಿ ಆ ಮಾತನ್ನು ತಿದ್ದುವವನು ಗ್ಯಾಂಡಾಲ್ಫನೇ.

ಪುಸ್ತಕಹುಳು_ಬದಿಯಡ್ಕ

ಕಿರುಬೆರಳ ತುದಿಗೆ ಮಾತ್ರ ಹಾಕಿದ, ಪೂರ್ತಿ ಹಾಕಲಿಲ್ಲ, ಅದಕ್ಕೇ ಮಾಯವಾಗಲಿಲ್ಲ ಎನ್ನುವವರೂ ಇದ್ದಾರೆ ಮಾಷ್ಟ್ರೇ.

ಮಧೂರು ಮಾಷ್ಟ್ರು

ಇರಲಿ. ಆದರೆ ಅದೇ ವಾದ ಫ್ರೋಡೊ ಕಂಡದ್ದಕ್ಕೆ ಉತ್ತರ ಕೊಡುವುದಿಲ್ಲ. ಎರಡಕ್ಕೂ ಹೊಂದುವ ಕಾರಣ ಹೇಳಲಿ.

ಬೇಳದ_ಅಂಚೆ

ಎಲ್ಲರೂ ಕಥೆಯ ಒಳಗೇ ಹುಡುಕುತ್ತಿದ್ದೀರಿ. ಹೊರಗಿನ ದಾಖಲೆ ಇದಕ್ಕಿಂತ ಗಟ್ಟಿ. ಬಾಂಬಡಿಲ್ ಮೊದಲು ಟೋಲ್ಕಿನ್‌ರ ಮಗ ಮೈಕೇಲನ ಬೊಂಬೆ, ಟೊಪ್ಪಿಗೆ ಗರಿ ಸಿಕ್ಕಿಸಿದ ಡಚ್ ಬೊಂಬೆ. ಇನ್ನೊಬ್ಬ ಮಗ ಜಾನ್ ಅದನ್ನು ಕಕ್ಕಸಿನಲ್ಲಿ ತುರುಕಿದ ಕಥೆ ಜೀವನಚರಿತ್ರೆಯಲ್ಲೇ ಇದೆ. 1934ರ ಫೆಬ್ರವರಿಯಲ್ಲಿ 'ಆಕ್ಸ್‌ಫರ್ಡ್ ಮ್ಯಾಗಜಿನ್'ನಲ್ಲಿ ಪದ್ಯ ಬಂತು. ಗೋಲ್ಡ್‌ಬೆರಿ, ವಿಲೋ ಮರ, ಗೋರಿಯ ಪಿಶಾಚಿ ಮೂರೂ ಆ ಪದ್ಯದಲ್ಲೇ ಇವೆ. ಉಂಗುರ ಮೊದಲ ಬಾರಿ ಬರುವ ಕಾದಂಬರಿ 'ಹಾಬಿಟ್' ಅಚ್ಚಾದದ್ದು 1937ರ ಸೆಪ್ಟೆಂಬರ್‌ನಲ್ಲಿ, ಅಂದರೆ ಉಂಗುರದ ಕಥೆ ಹುಟ್ಟುವ ಮೊದಲೇ ಬಾಂಬಡಿಲ್ ಹೆಂಡತಿ, ಶತ್ರುಗಳ ಸಮೇತ ತಯಾರಾಗಿದ್ದ. ಅದೇ ವರ್ಷ ಡಿಸೆಂಬರ್‌ನಲ್ಲಿ ಪ್ರಕಾಶಕರಿಗೆ ಬರೆದ ಪತ್ರದಲ್ಲಿ, ಮರೆಯಾಗುತ್ತಿರುವ ಆಕ್ಸ್‌ಫರ್ಡ್–ಬರ್ಕ್‌ಶೈರ್ ಹಳ್ಳಿಗಾಡಿನ ಚೇತನ ಈತ, ಈತನನ್ನೇ ನಾಯಕನನ್ನಾಗಿ ಮಾಡಿ ಕಥೆ ಬರೆಯಲೇ ಎಂದು ಟೋಲ್ಕಿನ್ ಕೇಳಿದ್ದಾರೆ.

ಔಲೆ, ಮೈಯಾ ಪಕ್ಷಗಳು ಇದಕ್ಕೆ ಉತ್ತರ ಕೊಡಲಿ. ಮಕ್ಕಳ ಬೊಂಬೆಯನ್ನು ಆಮೇಲೆ ತಂದು ಕೂರಿಸಿದ್ದಕ್ಕೇ ಆತ ಯಾವ ವರ್ಗಕ್ಕೂ ಹೊಂದುವುದಿಲ್ಲ.

ಚಂದ್ರಗಿರಿ_ತೀರ

ದಾಖಲೆ ಎಲ್ಲ ಸರಿ. ಆದರೆ ಎಲ್ಲಿಂದ ಬಂದ ಎನ್ನುವುದು ಬೇರೆ, ಬಂದ ಮೇಲೆ ಅಲ್ಲಿ ಏನಾಗಿದ್ದಾನೆ ಎನ್ನುವುದು ಬೇರೆ. ಬರಿಯ ಬೊಂಬೆಯಾಗಿದ್ದರೆ ಎಲ್ರಾಂಡನ ಸಭೆಯಲ್ಲಿ ಆತನ ಬಗ್ಗೆ ಅಷ್ಟು ಜನ ಮಾತಾಡುವ ಅಗತ್ಯವೇ ಇರಲಿಲ್ಲ. ಟೋಲ್ಕಿನ್‌ಗೆ ಆತನನ್ನು ಕೈಬಿಡಲು ಬೇಕಾದಷ್ಟು ಸಮಯವಿತ್ತು. ಬಿಡಲಿಲ್ಲ.

ಯಾಕೆಂದು 1954ರ ಏಪ್ರಿಲ್ 25ರಂದು ನವೋಮಿ ಮಿಚಿಸನ್‌ಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ, ಪುಸ್ತಕ ಅಚ್ಚಾಗುವ ಮೂರು ತಿಂಗಳ ಮೊದಲು. ಸಾರ ಇಷ್ಟು: ಒಳ್ಳೆಯವರೂ ಕೆಟ್ಟವರೂ ಒಂದಲ್ಲ ಒಂದು ಬಗೆಯ ಅಧಿಕಾರಕ್ಕಾಗಿ ಹೋರಾಡುವ ಕಥೆ ಇದು. ಅಧಿಕಾರವನ್ನೇ ಬಿಟ್ಟುಕೊಟ್ಟು ವಸ್ತುಗಳನ್ನು ಅವುಗಳಷ್ಟಕ್ಕೆ ನೋಡಿ ಸಂತೋಷಪಡುವವನಿಗೆ ಆ ಹೋರಾಟವೇ ಅರ್ಥವಾಗುವುದಿಲ್ಲ, ಅಧಿಕಾರದ ಸಾಧನಕ್ಕೂ ಬೆಲೆಯಿಲ್ಲ. ಆತ ಬೇಕೆಂದೇ ಇಟ್ಟ ಒಗಟು ಎಂಬ ಮಾತೂ ಅದೇ ಪತ್ರದಲ್ಲಿದೆ.

ನಾನು ಈ ಪಕ್ಷ ಹಿಡಿಯುತ್ತೇನೆ. ಇದರ ಬಲ ಎಲ್ಲಿ ಎಂದರೆ ಉಂಗುರದ ಪ್ರಸಂಗ, ಗ್ಯಾಂಡಾಲ್ಫನ 'ಮರೆಯುತ್ತಾನೆ' ಎಂಬ ಮಾತು, ಗ್ಲೋರ್‌ಫಿಂಡೆಲನ 'ಬೀಳುತ್ತಾನೆ' ಎಂಬ ಮಾತು ಮೂರೂ ಒಟ್ಟಿಗೆ ಕೂರುತ್ತವೆ. ಅಧಿಕಾರ ಬೇಡದವನ ಮೇಲೆ ಉಂಗುರಕ್ಕೆ ಹಿಡಿತವಿಲ್ಲ, ಆದರೆ ಉಳಿದವರು ಹೋರಾಡದಿದ್ದರೆ ಅವನ ಆ ಸಣ್ಣ ನೆಲವೂ ಉಳಿಯುವುದಿಲ್ಲ.

ಬೇಳದ_ಅಂಚೆ

ಒಗಟು ಎಂದು ಲೇಖಕರೇ ಹೇಳಿದ ಮೇಲೆ ಕೂಟದಲ್ಲಿ ವಾದಿಸಲು ಏನು ಉಳಿಯಿತು ಟೀಚರ್?

ಚಂದ್ರಗಿರಿ_ತೀರ

ಉತ್ತರ ಬರೆದಿಟ್ಟಿಲ್ಲ ಎಂದಷ್ಟೇ ಆಯಿತು. ಯಾವ ಉತ್ತರ ಪಠ್ಯಕ್ಕೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ತೂಗಲು ಅಡ್ಡಿಯಿಲ್ಲ. ವಿಚ್-ಕಿಂಗ್ ಅಲ್ಲ ಎಂದು ಈಗಷ್ಟೇ ತೂಗಿ ಬಿಸಾಡಿದೆವಲ್ಲ.

ಪುಸ್ತಕಹುಳು_ಬದಿಯಡ್ಕ

ಪಟ್ಟಿ ಹೀಗಿರಲಿ. ಔಲೆ: ಪೆರ್ಲದವರು. ಅಧಿಕಾರ ಬಿಟ್ಟವನು: ಚಂದ್ರಗಿರಿ ಟೀಚರ್. ನೆಲದ ಚೇತನ: ಬೇಳದವರು, ಆದರೆ ಬೊಂಬೆಯ ಕಥೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ವಯಸ್ಸಿನ ತೊಡಕು: ದೇಲಂಪಾಡಿಯವರು. ಮಾಷ್ಟ್ರು ಮಧ್ಯಸ್ಥರು. ಉಪ್ಪಳದವರಿಗೆ ಪ್ರಶ್ನೆ ಕೇಳುವ ಕೆಲಸ, ಅದರಲ್ಲಿ ಅವರಿಗೆ ಕೈ ಪಳಗಿದೆ. ಮೈಯಾ ಪಕ್ಷಕ್ಕೆ ಜನವಿಲ್ಲ, ಬಿಟ್ಟುಬಿಡುವ.

ಇ-ಪುಸ್ತಕದಲ್ಲಿ ಹುಡುಕುವವರು ಬಾಂಬಡಿಲ್ ಎಂದು ಮಾತ್ರ ಹುಡುಕಬೇಡಿ. ಸಭೆಯಲ್ಲಿ ಯಾರ್ವೈನ್, ಫಾರ್ನ್, ಓರಾಲ್ಡ್ ಎಂಬ ಆತನ ಬೇರೆ ಹೆಸರುಗಳೂ ಬರುತ್ತವೆ, ಗಲ್ಡೋರ್ ಮಾತಾಡುವುದು ಯಾರ್ವೈನ್ ಎಂಬ ಹೆಸರು ಹಿಡಿದೇ. ಆ ಮಾತು ತಪ್ಪಿಹೋದರೆ ನಷ್ಟ: ಶತ್ರುವನ್ನು ಎದುರಿಸುವ ಶಕ್ತಿ ಆತನಲ್ಲಿಲ್ಲ, ಭೂಮಿಯಲ್ಲೇ ಅಂಥ ಶಕ್ತಿ ಇದ್ದರೆ ಹೊರತು, ಆದರೆ ಸೌರಾನ್ ಬೆಟ್ಟಗಳನ್ನೇ ಹಿಂಸಿಸಿ ಹಾಳುಮಾಡಬಲ್ಲ ಎನ್ನುತ್ತಾನೆ ಗಲ್ಡೋರ್.

ಬೇಳದ_ಅಂಚೆ

ಅದು ನನ್ನ ಪಕ್ಷದ ಸಾಲು! ನೆಲದ ಚೇತನಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ನೆಲ ಹಾಳಾದರೆ ಆತನೂ ಹಾಳು.

ಪೆರ್ಲದವ

ಅವಸರ ಬೇಡ. ಭೂಮಿಯ ದ್ರವ್ಯಕ್ಕೆಲ್ಲ ಒಡೆಯ ಯಾರೆಂದು ಮೇಲೆ ಬರೆದಿದ್ದೇನೆ, ಇನ್ನೊಮ್ಮೆ ಓದಿ. ಗಲ್ಡೋರನ ಮಾತು ನನಗೂ ಬೇಕು. ಅದರ ಎರಡನೇ ಅರ್ಧಕ್ಕೆ ಏನು ಹೇಳುತ್ತೇನೆ ಎನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ, ಟೀಚರ್ ತಯಾರಾಗಿ ಬರುತ್ತಾರೆ.